ಇಂಜಿನ್ನಿಗೆ ಹಚ್ಚಿದ ವಿಭೂತಿ

ನಮ್ಮ ಕಾರಿನ ರೇಡಿಯೇಟರಿಗೆ ಎಷ್ಟು ನೀರು ಹಾಕಿದರೂ ಸಾಲುತ್ತಿರಲಿಲ್ಲ. ಹಾಕಿದ ನೀರು ಎಲ್ಲಿ ಹೋಗುತ್ತದೆಂದು ತಿಳಿಯುತ್ತಲೂ ಇರಲಿಲ್ಲ. ಆಗ ಬಸುರಿ ಅಕ್ಕನಿಗೆ ಎಂಟು ತಿಂಗಳು ತುಂಬಿ ಒಂಬತ್ತು ನಡೆಯುತ್ತಿತ್ತು. ಕಾವೇರಮ್ಮನನ್ನು ನಂಬಿದವರ ಮುಂದೆ, ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಇಡುತ್ತಿದ್ದೇನೆ. ದಿನವೂ ಬರೆದಿಡುವ ಅಭ್ಯಾಸ ನನಗಿರುವುದರಿಂದ ಯಾವುದನ್ನೂ ಬೆಳೆಸಿ ಹೇಳಬೇಕಾಗಿಲ್ಲ.

ಅಪ್ಪ ಅಮ್ಮತ್ತಿಯ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಿರಿಯ ಮಗಳಾದ ನಾನು ಅಮ್ಮತ್ತಿಯ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಎಸ್ಟೇಟಿನ ಬಿಳಿ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟಾಗ, ತಾನು ರೇಸಿಗೆ ಓಡಿಸುತ್ತಿದ್ದ ಹಳೆಯ ಎರಡು ಸೀಟಿನ ಕಾರನ್ನು ಅಪ್ಪನಿಗೆ ಬಿಟ್ಟುಹೋದರು. ಉದ್ದನೆಯ ಮೂತಿ, ಬಟ್ಟೆಯ ಮಾಡು. ಭಾನುವಾರ ಅಪ್ಪ ಅದನ್ನು ತೊಳೆದು ಒರೆಸುವಾಗ ಅಮ್ಮ ಅಡಿಗೆಮನೆಯಿಂದಲೇ ಕೇಳುತ್ತಿದ್ದರು: "ನನ್ನ ಸವತಿಗೆ ಸ್ನಾನ ಆಯ್ತೇನ್ರೀ?"

ಅಕ್ಕನ ಮೊದಲ ಹೆರಿಗೆಯಲ್ಲಿ ಬೆಳಗಿನ ಬಸ್ಸು ಹೋದಮೇಲೆ ನೋವು ಬಂದಿತ್ತು. ಮರ ಸಾಗಿಸಲು ಹೋಗಿದ್ದ ಎಸ್ಟೇಟ್ ಲಾರಿ ವಾಪಸು ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಈ ಸಲ ಮಡಿಕೇರಿಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು, ನೋವು ಕಾಣಿಸಿದ ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು. ಹಾಗಾಗಿ ಆ ಕಾರೇ ನಮ್ಮ ಧೈರ್ಯ. ಆದರೆ ಅಮ್ಮತ್ತಿಗೆ ಹೋಗಿ ಬರುವಷ್ಟರಲ್ಲೇ ಅದು ಕಾದು ಬುಸುಗುಡುತ್ತಿತ್ತು. ಮಡಿಕೇರಿಯ ಏರು ಹತ್ತುವುದು ಹೇಗೆ?

ನಾನೂ ಅಪ್ಪನೂ ಮನೆಯಲ್ಲೇ ಹುಡುಕತೊಡಗಿದೆವು. ರಬ್ಬರ್ ಕೊಳವೆಗಳ ಪಟ್ಟಿ ಬಿಗಿ ಮಾಡಿದೆವು. ಮುಚ್ಚಳಕ್ಕೆ ಹೊಸ ವಾಷರ್ ಹಾಕಿದೆವು. ಕಾರಿನಡಿಯಲ್ಲಿ ಅಪ್ಪನ ಬಿಳಿ ಪಂಚೆ ಹಾಸಿಟ್ಟು ಬೆಳಿಗ್ಗೆ ನೋಡಿದರೆ ಒಂದು ಹನಿಯೂ ಇರಲಿಲ್ಲ. ಎಣ್ಣೆಯಲ್ಲಿ ನೀರು ಸೇರಿದೆಯೋ ಎಂದು ಅಳತೆ ಕಡ್ಡಿ ಎಳೆದು ನೋಡಿದೆವು, ಅದೂ ಇಲ್ಲ. ಪ್ರತಿ ಸಲ ಎಷ್ಟು ಚೊಂಬು ನೀರು ಹಾಕಿದೆವೆಂದು ನಾನು ಬರೆದಿಡುತ್ತಿದ್ದೆ. ಬರೆದದ್ದೇ ಬಂತು.

"ಕುಡಿದ ನೀರು ಎಲ್ಲೋಗ್ತದೆ ಮಗ ಇದು?" ಎಂದು ಅಪ್ಪ ಕಾರಿನ ಮೂತಿಯ ಮೇಲೆ ಕೈಯಿಟ್ಟು ಕೂತುಬಿಡುತ್ತಿದ್ದರು.

ವಿರಾಜಪೇಟೆಯ ಮೆಕ್ಯಾನಿಕ್ ಬಂದು ನೋಡಿ, ಇಂಜಿನ್ ಬಿಚ್ಚಲೇಬೇಕು, ಮೈಸೂರಿಗೆ ಕಳಿಸಿ, ಎರಡು ತಿಂಗಳಾದರೂ ಹಿಡಿಯುತ್ತದೆ ಎಂದ. ಅವನು ಹೋದಮೇಲೆ ಅಕ್ಕ ಯಾರಿಗೂ ಕೇಳದ ಹಾಗೆ ನನ್ನೊಬ್ಬಳಿಗೆ ಹೇಳಿದಳು: "ಈ ಸಲಾನೂ ಹಂಗೇ ಆದ್ರೆ ನಾನು ಬಾಳೆಲೆಗೆ ವಾಪಸ್ ಹೋಗಲ್ಲ ಕಣೇ. ಖಾಲಿ ಕೈಯಲ್ಲಿ ಅವರ ಮುಖ ಹೆಂಗೆ ನೋಡ್ಲಿ?" ಬಾಳೆಲೆ ಭಾವನ ಊರು. ಭಾವ ಒಳ್ಳೆಯವರೇ.

ಮರುದಿನ ಶಾಲೆ ಬಿಟ್ಟಮೇಲೆ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಕಾವೇರಿ ಹೊಳೆಯ ದಡದಲ್ಲಿ ನಿಂತೆ. "ಅಮ್ಮಾ, ನಮಗೆ ಕುಡಿಯುವುದಕ್ಕೂ ನೀನೇ, ಆ ಕಾರಿಗೂ ನೀನೇ. ನೀನು ಎಲ್ಲಿ ಜಾರಿ ಹೋಗುತ್ತಿದ್ದೀಯೆಂದು ನೀನೇ ತೋರಿಸು. ಮಗು ಮನೆಗೆ ಬಂದರೆ ಬರುವ ವರ್ಷದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಕರೆತರುತ್ತೇವೆ" ಎಂದು ಹರಕೆ ಹೊತ್ತೆ.

ಆ ವಾರವೇ ಆಯುಧಪೂಜೆ ಬಂತು. ಅಪ್ಪ ಕತ್ತಿ, ಗುದ್ದಲಿಗಳ ಪಕ್ಕದಲ್ಲಿ ಕಾರು ನಿಲ್ಲಿಸಿ, ಮೂತಿಗೆ ಚೆಂಡುಹೂವಿನ ಹಾರ ಹಾಕಿದರು. ಅಮ್ಮ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಬಂದು ನಿಂತರು.

"ಬಾನೆಟ್ ಎತ್ರಿ."

"ಮೇಲೇ ಹಚ್ಚೇ. ಒಳಗೆಲ್ಲ ಜಿಡ್ಡು."

"ಕತ್ತಿ ಪೂಜೆ ಮಾಡುವಾಗ ಒರೆಗೆ ವಿಭೂತಿ ಹಚ್ತೀರಾ? ಓಡೋದು ಯಾವುದೋ ಅದಕ್ಕೆ ಹಚ್ಬೇಕು."

ಮೂರು ಬೆರಳಿನ ಪಟ್ಟೆಗೆ ಅಮ್ಮ ನಿಲ್ಲಲಿಲ್ಲ. ಕೈ ಹೋದ ಕಡೆಯೆಲ್ಲ ಬಳಿದರು, ಹೊಗೆ ಕೊಳವೆಯ ಹಿಂದಿನ ಸಂದಿಗೂ ಕೈ ತೂರಿಸಿದರು. "ಇಂಜಿನ್ನಿಗೆ ಸುಣ್ಣ ಹೊಡೆದ ಹಾಗಾಯ್ತು" ಎಂದರು ಅಪ್ಪ. "ಸವತಿ ಅಂದ್ರೂ ಮನೆಯವಳಲ್ವಾ, ಹಬ್ಬದ ದಿನ ಚೆಂದ ಕಾಣ್ಲಿ" ಎಂದರು ಅಮ್ಮ.

ಚಕ್ರಗಳಡಿಯಲ್ಲಿ ನಿಂಬೆಹಣ್ಣು ಒಡೆದು, ಅಮ್ಮನನ್ನು ಮೊದಲ ಬಾರಿಗೆ ಕೂರಿಸಿಕೊಂಡು ಅಪ್ಪ ಹೊಳೆಯವರೆಗೆ ಹೋಗಿ ಬಂದರು. ಬಂದ ಕೂಡಲೇ ಎಂದಿನಂತೆ ನೀರು ಅಳೆದು ಹಾಕಲು ನಾನು ಬಾನೆಟ್ ಎತ್ತಿದೆ. ಒಣಗಿ ಬಿಳುಪಾಗಿದ್ದ ವಿಭೂತಿಯ ಮೇಲೆ ತುಕ್ಕು ಬಣ್ಣದ ಒಂದು ಗೆರೆ ಇಳಿದಿತ್ತು. ಶಾಲೆಯ ನಕ್ಷೆಯಲ್ಲಿ ಹೊಳೆಯನ್ನು ಬರೆದ ಹಾಗೆ ಇತ್ತು. ಹೊಗೆ ಕೊಳವೆಯ ಹಿಂದೆ, ಇಂಜಿನ್ನಿನ ಪಕ್ಕೆಯಲ್ಲಿ, ಒಳಗಿನ ನೀರಿನ ಕಿಂಡಿ ಮುಚ್ಚಿದ್ದ, ರೂಪಾಯಿ ಬಿಲ್ಲೆಯಂಥ ಒಂದು ತಗಡಿನ ಬಿರಡೆಯ ಅಂಚಿನಲ್ಲಿ ಹುಟ್ಟಿ, ಕೊಳವೆಯ ಮೇಲೆ ಮುಗಿದಿತ್ತು.

ಅಪ್ಪ ಬಗ್ಗಿ ನೋಡಿದರು. ಆಮೇಲೆ "ಕಾದಾಗ ಮಾತ್ರ ಒಸರಿ, ಕಾದ ಕೊಳವೆ ಮೇಲೆ ಬಿದ್ದು ಆವಿಯಾಗ್ತಾ ಇತ್ತು ಮಗ. ನೆಲಕ್ಕೆ ಬಂದಿದ್ರೆ ತಾನೆ ಪಂಚೆ ನೆನೆಯೋದು" ಎಂದರು.

ಬಿರಡೆಯನ್ನು ಬೆರಳಲ್ಲಿ ಒತ್ತಿದರೆ ಪುಡಿ ಉದುರಿತು. ಬೇರೆ ಬಿರಡೆ ತರಿಸುವಷ್ಟು ಕಾಲವಿರಲಿಲ್ಲ. ಇಷ್ಟು ದಿನ ಕಾರಿಗೆ ನೀರು ಹೊಯ್ದ ಹಿತ್ತಾಳೆ ಚೊಂಬನ್ನೇ ಅಮ್ಮ ತಂದುಕೊಟ್ಟರು. ಅಪ್ಪ ಅದರ ತಳದಿಂದ ಒಂದು ಬಿಲ್ಲೆ ಕತ್ತರಿಸಿ, ಅರದಲ್ಲಿ ಉಜ್ಜಿ, ಹಳೆಯದನ್ನು ಕಿತ್ತು ಅಲ್ಲಿಗೆ ಬಡಿದು ಕೂರಿಸಿದರು.

ತುಲಾ ಸಂಕ್ರಮಣ ಕಳೆದ ಮೂರನೆಯ ಬೆಳಿಗ್ಗೆ, ಮತ್ತೆ ಬಸ್ಸು ಹೋದಮೇಲೆಯೇ, ಅಕ್ಕನಿಗೆ ನೋವು ಕಾಣಿಸಿತು. ಅಪ್ಪ ಅವಳನ್ನು ಕೂರಿಸಿಕೊಂಡು ಹೊರಟರು. ಇನ್ನೊಬ್ಬರಿಗೆ ಜಾಗವಿಲ್ಲದ್ದರಿಂದ ನಾನೂ ಅಮ್ಮನೂ ಮಧ್ಯಾಹ್ನದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಮ್ಮ ಕಿಟಕಿಯಿಂದ ರಸ್ತೆಯ ಬದಿ ನೋಡುತ್ತಲೇ ಇದ್ದರು. ಎಲ್ಲೂ ಕಾರು ನಿಂತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ಅಪ್ಪ ನಮ್ಮನ್ನು ಕಂಡು ಎದ್ದು, "ದಾರೀಲಿ ಕಾರು ಒಂದು ಹನಿ ನೀರು ಕೇಳಲಿಲ್ಲ ಕಣೇ" ಎಂದು ಅತ್ತುಬಿಟ್ಟರು. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನಮಗೆ ನರ್ಸಮ್ಮನೇ ಹೇಳಬೇಕಾಯಿತು. ಮಗುವಿಗೆ ಕಾವೇರಿ ಎಂದೇ ಹೆಸರಿಟ್ಟೆವು. ಈ ಸಂಕ್ರಮಣಕ್ಕೆ ಭಾಗಮಂಡಲದಲ್ಲಿ ಬಸ್ಸಿಳಿದು, ಭಾವನ ಹೆಗಲ ಮೇಲೆ ಅವಳು ತಲಕಾವೇರಿಗೆ ಹೋಗಿ ಬಂದಳು.

ನಮ್ಮ ಶಾಲೆಯ ಮೇಷ್ಟರೊಬ್ಬರು ಇದನ್ನೆಲ್ಲ ಕೇಳಿ, ಯಾವ ಬೂದಿ ಬಳಿದಿದ್ದರೂ ಗೆರೆ ಕಾಣುತ್ತಿತ್ತು ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದವರು ತಲೆಯೆತ್ತಲಿಲ್ಲ.

"ಬೂದಿ ನಮ್ಮ ಒಲೇಲಿ ದಿನಾ ಇತ್ತು. ಆ ಸಂದಿಗೆ ಕೈ ಹಾಕು ಅಂತ ನನಗೆ ಹೇಳಿದ್ದು ಯಾರು, ಅದನ್ನ ಕೇಳ್ಕೊಂಡು ಬಾ ನಿಮ್ಮ ಮೇಷ್ಟರ ಹತ್ರ."

ನಾನು ಕೇಳಲು ಹೋಗಲಿಲ್ಲ. ಯಾರೆಂದು ನನಗೆ ಗೊತ್ತು. ಈ ವರ್ಷದ ಆಯುಧಪೂಜೆಯ ದಿನ ಅಮ್ಮ ಬಟ್ಟಲು ಹಿಡಿದು ಬರುವ ಮೊದಲೇ ಅಪ್ಪ ಬಾನೆಟ್ ಎತ್ತಿ ಕಾಯುತ್ತಿದ್ದರು.