ಲಾಭದಿಂದ ಎಣಿಸಿದ ಲೋಲಕ

ಮಗಳಿಗೆ ಟೈಫಾಯ್ಡ್ ಬಂದು ಹೋದ ಮೇಲೆ ಉದುರಿದ ಕೂದಲು ಮತ್ತೆ ಬಂತು, ಊಟವೂ ಸೇರತೊಡಗಿತು. ಶಿವ ದೊಡ್ಡವನು. ಉಳಿದದ್ದು ಫಿಸಿಕ್ಸ್ ಪ್ರಾಕ್ಟಿಕಲ್ ಒಂದೇ.

ಆಗ ಅವಳು ಮಲ್ಲೇಶ್ವರಂನ ಒಂದು ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷದಲ್ಲಿದ್ದಳು. ಅವಳು ಹಾಸಿಗೆ ಹಿಡಿದಿದ್ದ ವಾರಗಳಲ್ಲೇ ಲ್ಯಾಬ್ ತರಗತಿಗಳೆಲ್ಲ ಮುಗಿದುಹೋಗಿದ್ದವು. ಲೆಕ್ಚರರ್ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ನಮ್ಮ ಯಜಮಾನರನ್ನೂ ಕರೆಸಿ ಕೂರಿಸಿದರು. "ನೋಡಿ, ಹುಷಾರಿಲ್ದೆ ತಪ್ಪಿಸ್ಕೊಂಡೋರು ನಾಲ್ಕು ಜನ ಇದಾರೆ. ಅವರಿಗೆ ಒಂದೇ ಒಂದು ಚಾನ್ಸ್ ಕೊಡ್ತೀನಿ. ಸಿಂಪಲ್ ಪೆಂಡುಲಮ್. ನನ್ನ ಕಣ್ಮುಂದೆ ಮಾಡ್ಬೇಕು. ಅದೂ ಬರ್ಲಿಲ್ಲ ಅಂದ್ರೆ ಸೈನ್ಸ್ ಬೇಡ, ಕಾಮರ್ಸ್‌ಗೆ ಹಾಕ್ಬಿಡಿ" ಎಂದರು. ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಕಳ್ಳ ರೀಡಿಂಗ್ ಬರೆದ್ರೆ ಮಾತ್ರ ಸೊನ್ನೆ. ನಂಗೆ ಗೊತ್ತಾಗುತ್ತೆ."

ಕಾಮರ್ಸ್ ಓದಿದವರು ಬದುಕುವುದಿಲ್ಲವೇ ಎಂದು ಕೇಳಬಹುದು. ನಮ್ಮ ಯಜಮಾನರು ಓದಿದ್ದೂ ಅದನ್ನೇ, ಬ್ಯಾಂಕಿನಲ್ಲಿ ಚೆನ್ನಾಗಿಯೇ ಇದ್ದಾರೆ. ಆದರೆ ಜ್ವರದ ಆ ದಿನಗಳಲ್ಲಿ ವಾರಕ್ಕೆರಡು ಸಲ ಪರೀಕ್ಷೆಗೆ ರಕ್ತ ಕೊಟ್ಟು ಕೊಟ್ಟು, ಆ ರಕ್ತದಲ್ಲಿ ಏನು ನೋಡುತ್ತಾರೆ, ಹೇಗೆ ನೋಡುತ್ತಾರೆ ಎಂಬುದು ನನ್ನ ಮಗಳ ತಲೆ ಹೊಕ್ಕಿತ್ತು. ತಾನೂ ಅದನ್ನೇ ಓದಬೇಕೆಂದು ಹಟ ಹಿಡಿದಿದ್ದಳು. ಅವಳಿಗೆ ಬೇಕೆನಿಸಿದ್ದು ಅದೊಂದೇ.

ಮನೆಯಲ್ಲೇ ಅಭ್ಯಾಸ ಶುರುವಾಯಿತು. ನಡುಮನೆ ಬಾಗಿಲ ಚೌಕಟ್ಟಿನಲ್ಲಿ ತೋರಣ ಕಟ್ಟುವ ಮೊಳೆಗೆ ದಾರ ಕಟ್ಟಿದೆವು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ಗುಂಡೊಂದು ಅಟ್ಟದ ಮೇಲಿತ್ತು. ಅದನ್ನು ದಾರದ ತುದಿಗೆ ಕಟ್ಟಿದೆವು. ನಾನು ಕನ್ನಡ ಮೀಡಿಯಂನವಳು, ಲೋಲಕ ಎಂಬ ಪದ ನೆನಪಿತ್ತು, ಪಾಠ ನೆನಪಿರಲಿಲ್ಲ. ಮಗಳೇ ಹೇಳಿಕೊಟ್ಟಳು. ಗುಂಡು ಆ ಕಡೆ ಹೋಗಿ ಈ ಕಡೆ ಬಂದು ಬಿಟ್ಟ ಜಾಗಕ್ಕೆ ಮರಳಿದರೆ ಒಂದು ಆಂದೋಲನ. ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಬೇಕು. ಅದರಿಂದ ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆ ಎಂಬ ಲೆಕ್ಕ ಸಿಗುತ್ತದೆ, ಅದು ಒಂಬತ್ತು ಪಾಯಿಂಟ್ ಎಂಟು ಬರಬೇಕು.

"ಸ್ವಲ್ಪ ದೂರಕ್ಕೆ ಎಳೆದು ಬಿಡೇ, ನಿಧಾನವಾಗಿ ಹೋಗುತ್ತೆ, ಎಣಿಸೋಕೆ ಸಲೀಸು" ಎಂದೆ ನಾನು.

"ದೂರ ಎಳೆದ್ರೂ ಅಷ್ಟೇ, ಹತ್ರ ಎಳೆದ್ರೂ ಅಷ್ಟೇ ಟೈಮ್ ಅಮ್ಮಾ."

"ಅದು ಹೇಗೆ? ಗಾಂಧಿ ಬಜಾರ್‌ಗೆ ಹೋಗಿ ಬರೋದೂ ಮತ್ತಿಕೆರೆಗೆ ಹೋಗಿ ಬರೋದೂ ಒಂದೇನಾ?"

"ದೂರ ಹೋದಷ್ಟೂ ವಾಪಸ್ ಎಳೆಯೋದೂ ಜೋರು. ಹತ್ರ ಇದ್ರೆ ಎಳೆತಾನೂ ಮೆತ್ತಗೆ. ದೂರಕ್ಕೆ ತಕ್ಕ ಎಳೆತ. ಅದಕ್ಕೇ ಟೈಮ್ ಒಂದೇ ಆಗುತ್ತೆ. ತೀರಾ ದೂರ ಮಾತ್ರ ಎಳೀಬಾರ್ದು, ಆಗ ಲೆಕ್ಕ ತಪ್ಪುತ್ತೆ."

ನಾನು ನಂಬಲಿಲ್ಲ. ಒಮ್ಮೆ ಎರಡು ಬೆರಳಷ್ಟು, ಇನ್ನೊಮ್ಮೆ ನಾಲ್ಕು ಬೆರಳಷ್ಟು ಎಳೆದು ಬಿಟ್ಟು ನೋಡಿದೆವು. ಸೆಕೆಂಡು ಬದಲಾಗಲಿಲ್ಲ. ನನಗೆ ಮೈ ಜುಮ್ಮೆಂದಿತು. ಇನ್ನೊಂದನ್ನೂ ಅಂದೇ ಕಂಡೆ. ಗುಂಡು ಎರಡು ತುದಿಗಳಲ್ಲಿ ಚಣ ಹೊತ್ತು ನಿಲ್ಲುತ್ತದೆ, ನಡುವೆ, ತಾನು ನಿಲ್ಲಬೇಕಾದ ಜಾಗದಲ್ಲೇ, ಎಲ್ಲಕ್ಕಿಂತ ಜೋರಾಗಿ ಓಡುತ್ತದೆ.

ಅವಳ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್, ಎಣಿಕೆ ನನ್ನದು. ನಮ್ಮದು ತಲೆಮಾರುಗಳ ಕಾಲ ಪೇಟೆಯಲ್ಲಿ ಕಾಳುಕಡ್ಡಿ ಅಳೆದ ಮನೆತನ. ಅಳತೆಯಲ್ಲಿ ಒಂದು ಎನ್ನುವುದಿಲ್ಲ, ಮೊದಲನೆಯದಕ್ಕೆ 'ಲಾಭ' ಎನ್ನುತ್ತೇವೆ, ಆಮೇಲೆ ಎರಡು, ಮೂರು. ಅಂಗಡಿ ಎಂದೋ ಹೋಯಿತು, ನಾನಿನ್ನೂ ಅಕ್ಕಿಯ ಪಾವಿಗೂ ಕುಕ್ಕರಿನ ಸೀಟಿಗೂ ಲಾಭ ಎಂದೇ ಶುರು ಮಾಡುವವಳು. ಮಗಳು ಗುಂಡು ಬಿಡುತ್ತಿದ್ದ ಹಾಗೆ ನಾನು "ಲಾಭ" ಎನ್ನುತ್ತಿದ್ದೆ, ಅವಳು ಗುಂಡಿ ಒತ್ತುತ್ತಿದ್ದಳು. "ಇಪ್ಪತ್ತು" ಎಂದಾಗ ಮತ್ತೆ ಒತ್ತುತ್ತಿದ್ದಳು.

ಮೂವತ್ತೆಂಟು ಸೆಕೆಂಡು. ಲೆಕ್ಕ ಹಾಕಿದರೆ ಹತ್ತು ಪಾಯಿಂಟ್ ಎಂಟು.

ದಾರ ಬದಲಿಸಿದೆವು. ಮೊಳೆಯಿಂದ ಗುಂಡಿನ ನಡುವಿನವರೆಗೆ ಉದ್ದವನ್ನು ಮತ್ತೆ ಮತ್ತೆ ಅಳೆದೆವು. ಫ್ಯಾನು ಆರಿಸಿದೆವು, ಕಿಟಕಿ ಹಾಕಿದೆವು. ದಾರ ಗಿಡ್ಡ ಮಾಡಿದರೂ ಉತ್ತರ ಅದೇ ಹತ್ತು ಪಾಯಿಂಟ್ ಎಂಟರ ಆಸುಪಾಸು. ಒಂದು ಸಂಜೆ ಅವಸರದಲ್ಲಿ ಹತ್ತೇ ಎಣಿಸಿದೆವು, ಉತ್ತರ ಹನ್ನೆರಡು ಬಂದುಬಿಟ್ಟಿತು. ಐವತ್ತು ಎಣಿಸಿದ ದಿನ ಹತ್ತು ಪಾಯಿಂಟ್ ಎರಡು. ಆ ಮೂರು ಅಂಕಿಗಳಲ್ಲೇ ಗುಟ್ಟು ಬಾಯಿಬಿಟ್ಟು ಕೂತಿತ್ತು, ನಮಗೆ ಕಾಣಲಿಲ್ಲ.

"ಭೂಮಿ ನಮ್ಮನೇಲಿ ಮಾತ್ರ ಜಾಸ್ತಿ ಎಳೀತಿದೆ ಅನ್ಸುತ್ತೆ" ಎಂದರು ಯಜಮಾನರು. "ಅದಕ್ಕೇ ನಿಮ್ಮಮ್ಮನ ಕೈಯಿಂದ ಅಷ್ಟು ಲೋಟ ಬೀಳೋದು."

ಮಗಳು ನಗಲಿಲ್ಲ. "ಅಪ್ಪಾ, ಪ್ಲೀಸ್" ಎಂದು ಪುಸ್ತಕ ಮುಚ್ಚಿ ಒಳಗೆ ಹೋದಳು.

ಪರೀಕ್ಷೆಯ ಹಿಂದಿನ ಸಂಜೆ ಅವಳ ಮೇಜು ಒರೆಸುವಾಗ ರಫ್ ಪುಸ್ತಕ ತೆರೆದಿತ್ತು. ಮೂವತ್ತೆಂಟು ಇದ್ದಲ್ಲೆಲ್ಲ ರಬ್ಬರಿನಿಂದ ಉಜ್ಜಿ ನಲವತ್ತು ಎಂದು ಬರೆದಿದ್ದಳು.

"ಏನೇ ಇದು?"

"ಎಲ್ರೂ ಹಾಗೇ ಮಾಡ್ತಾರಮ್ಮ. ಉತ್ತರ ಇಟ್ಕೊಂಡು ಹಿಂದಿನಿಂದ ರೀಡಿಂಗ್ ಬರೀತಾರೆ."

"ಸುಳ್ಳು ಬರೆದು ಪಾಸಾಗ್ತೀಯಾ?"

"ನಿಜ ಬರೆದು ಫೇಲಾಗ್ಲಾ? ನೀನೇ ಹೇಳು. ದಿನಾ ನೀನೇ ಎಣಿಸಿದೀಯ, ಬಂತಾ?"

ಹಣೆಗೆ ವಿಭೂತಿ ಹಚ್ಚಿಕೊಂಡು ಸುಳ್ಳು ಬರಿ ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನುವ ಧೈರ್ಯವೂ ಬರಲಿಲ್ಲ. ಸುಮ್ಮನೆ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋದೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ.

ಬೆಳಿಗ್ಗೆ ಅವಳು ಎಂಟು ಗಂಟೆಗೇ ಹೊರಟಳು. ಪರೀಕ್ಷೆ ಹತ್ತಕ್ಕೆ. ಪರೀಕ್ಷೆಯ ದಿನ ಕಾಲೇಜಿಗೆ ಮೊಬೈಲ್ ತರುವ ಹಾಗಿಲ್ಲ, ಅದು ಮನೆಯ ಮೇಜಿನ ಮೇಲೇ ಉಳಿಯಿತು. ನಾನು ಪೂಜೆಗೆ ಹೂವು ತರಲು ಗಾಂಧಿ ಬಜಾರಿಗೆ ಹೋದೆ. ಮನಸ್ಸು ಅಲ್ಲಿರಲಿಲ್ಲ. ಹೂವಿನಾಕೆ ಸೇವಂತಿಗೆಯ ಮಾಲೆಯ ತುದಿ ಹಿಡಿದು ಮೊಣಕೈಗೆ ತಂದಿದ್ದಳಷ್ಟೆ, ನನ್ನ ಬಾಯಿಂದ ತಾನಾಗಿ "ಲಾಭ" ಎಂದು ಬಂತು.

"ಇರಕ್ಕಾ!" ಎಂದಳು ಅವಳು. "ಇನ್ನೂ ಮೊಳಾನೇ ಆಗಿಲ್ಲ, ಆಗ್ಲೇ ಲಾಭ ಅಂತೀರಲ್ಲ. ಖಾಲಿ ಕೈಗೆ ಯಾರಾದ್ರೂ ಲಾಭ ಅಂತಾರಾ? ಹೂವು ಅಳೆದ್ಮೇಲೆ ತಾನೇ ಎಣ್ಸೋದು?"

ಅವಳು ಮೊಳ ಪೂರ್ತಿ ಮಾಡಿ, ಮಾಲೆಯನ್ನು ಬೆರಳ ತುದಿಗೆ ತಂದು, ಆಮೇಲೆ "ಲಾಭ" ಎಂದಳು. ಮತ್ತೊಂದು ಮೊಳ ಪೂರ್ತಿಯಾದ ಮೇಲೆ "ಎರಡು".

ನಾನು ಅಲ್ಲೇ ನಿಂತುಬಿಟ್ಟೆ. ಮಗಳು ಗುಂಡು ಬಿಟ್ಟ ಕೂಡಲೇ ನಾನು ಲಾಭ ಎನ್ನುತ್ತಿದ್ದೆ. ಗುಂಡು ಇನ್ನೂ ಹೋಗಿಲ್ಲ, ಬಂದಿಲ್ಲ. ಅದು ಒಮ್ಮೆ ಹೋಗಿ ಬಂದಾಗ ನಾನು ಹೇಳುತ್ತಿದ್ದದ್ದು ಎರಡು. ಇಪ್ಪತ್ತು ಎನ್ನುವಾಗ ಆಗಿರುತ್ತಿದ್ದದ್ದು ಹತ್ತೊಂಬತ್ತೇ. ಅಕ್ಕಿ ಅಳೆಯುವಾಗ ಪಾವು ತುಂಬಿ ಸುರಿದ ಮೇಲೇ ಬಾಯಿ ತೆರೆಯುವವಳು, ಗುಂಡಿನ ಮುಂದೆ ಬರಿಗೈಯಲ್ಲಿ ಬಾಯಿ ತೆರೆದಿದ್ದೆ. ಹತ್ತು ಎಣಿಸಿದರೆ ತಪ್ಪು ದೊಡ್ಡದು, ಐವತ್ತು ಎಣಿಸಿದರೆ ಸಣ್ಣದು ಏಕಾಗುತ್ತಿತ್ತೆಂದು ಈಗ ಹೊಳೆಯಿತು. ಅವಳು ಸುಳ್ಳು ಎಂದುಕೊಂಡು ಬರೆದ ನಲವತ್ತೇ ನಿಜವಾದ ಅಂಕಿ.

ಆದರೆ ಅದು ಅವಳಿಗೆ ಗೊತ್ತಿಲ್ಲ. ಇಷ್ಟು ದಿನ ನನ್ನ ಬಾಯಿಂದ ಕೇಳಿ ಕೇಳಿ ಅವಳೂ ಗುಂಡು ಬಿಟ್ಟೊಡನೆ ಲಾಭ ಎನ್ನುತ್ತಾಳೆ. ಹಾಳೆಯಲ್ಲಿ ನಲವತ್ತು ಬರೆದು, ಲೆಕ್ಚರರ್ ಎದುರಿಗೆ ಮಾಡಿದಾಗ ಮೂವತ್ತೆಂಟು ಬಂದರೆ ಅಲ್ಲಿಗೆ ಮುಗಿಯಿತು.

ಹೂವು ಮರೆತು ಆಗಲೇ ರಸ್ತೆಗಿಳಿದಿದ್ದೆ. "ಅಕ್ಕಾ, ಹೂವು!" ಎಂದು ಹೂವಿನಾಕೆ ಹಿಂದಿನಿಂದ ಕೂಗುತ್ತಿದ್ದಳು. ವಾಪಸ್ ಓಡಿ ಬಂದು ಇಸಿದುಕೊಂಡು ಆಟೋ ಹತ್ತಿದೆ. ಮೆಟ್ರೋ ಸ್ಟೇಷನ್ ತಲುಪಿದಾಗ ಒಂಬತ್ತೂಕಾಲು ದಾಟಿತ್ತು. ರೈಲಿನಲ್ಲಿ ಜಾಗವಿದ್ದರೂ ಕೂರಲಾಗಲಿಲ್ಲ. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್. ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆರೆದೇ ಇತ್ತು, ಮುಚ್ಚಲೊಲ್ಲದು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ "ಹುಷಾರಿಲ್ವಾ ಅಮ್ಮಾ?" ಎಂದರು. ಶಿವಶಿವಾ ಎಂದಷ್ಟೇ ಹೇಳಲು ಬಂತು. ಸಂಪಿಗೆ ರಸ್ತೆಯಲ್ಲಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೆ, ಓಡಿದೆ ಎಂದರೂ ಸರಿಯೇ.

ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತ. "ಟಿಫನ್ ಬಾಕ್ಸಾ ಅಮ್ಮಾ? ಇಲ್ಲೇ ಇಡಿ, ಕೊಡ್ತೀನಿ."

"ಟಿಫನ್ ಅಲ್ಲಪ್ಪಾ, ಒಂದು ಮಾತು ಹೇಳ್ಬೇಕು."

"ಒಳಗೆ ಬಿಡೋ ಹಾಗಿಲ್ಲ. ಎಕ್ಸಾಮ್ ಇದೆ."

ಅಷ್ಟರಲ್ಲಿ ಅಂಗಳದಾಚೆ ಮೆಟ್ಟಿಲ ಮೇಲೆ ಅವಳು ಕಂಡಳು. ಎದೆಗೆ ರೆಕಾರ್ಡ್ ಅವಚಿಕೊಂಡು ಮೂವರ ಹಿಂದೆ ಹತ್ತುತ್ತಿದ್ದಳು. ನನಗೆ ನಾಚಿಕೆ ಗೀಚಿಕೆ ಯಾವುದೂ ಉಳಿದಿರಲಿಲ್ಲ. ಗೇಟಿನ ಸರಳು ಹಿಡಿದು ಕೂಗಿದೆ.

"ಲಾಭ ಅನ್ಬೇಡ ಕಣೇ! ಬಿಟ್ಟಾಗ ಸೊನ್ನೆ! ಬಂದ್ಮೇಲೆ ಲಾಭ!"

ಅಂಗಳದಲ್ಲಿದ್ದ ಹುಡುಗರೆಲ್ಲ ತಿರುಗಿದರು. "ಮಗಾ, ಆಂಟಿ ಶೇರ್ ಮಾರ್ಕೆಟ್ ಟಿಪ್ಸ್ ಕೊಡ್ತಿದಾರೆ" ಎಂದನೊಬ್ಬ. ಮಗಳು ನನ್ನನ್ನು ನೋಡಿದಳು. ಮುಖ ಕೆಂಪಾಯಿತು. ಸರಸರನೆ ಒಳಗೆ ಹೋದಳು.

ಕೇಳಿಸಿತೋ ಇಲ್ಲವೋ, ಕೇಳಿಸಿದರೂ ತಿಳಿಯಿತೋ ಇಲ್ಲವೋ, ಯಾರನ್ನು ಕೇಳಲಿ? ಕಾಡು ಮಲ್ಲೇಶ್ವರನ ಗುಡಿಗೆ ನಡೆದೆ. ಕೈಯಲ್ಲಿದ್ದ ಹೂವನ್ನು ಅರ್ಚಕರಿಗೆ ಕೊಟ್ಟು ಇಪ್ಪತ್ತೊಂದು ಪ್ರದಕ್ಷಿಣೆ ಎಂದುಕೊಂಡು ಹೊರಟೆ. ಕಾಲುಗಳು ತಾವಾಗಿ ಸುತ್ತುತ್ತಿದ್ದವು, ಕಣ್ಣಿಗೆ ಮಾತ್ರ ಆ ಗುಂಡೇ ಕಾಣುತ್ತಿತ್ತು. ಈಗ ಬಿಟ್ಟಿರುತ್ತಾಳೆ. ಈಗ ಏನೆಂದಳೋ. ಇಪ್ಪತ್ತೊಂದು ಎಂದು ನಿಂತು ಕೈಮುಗಿದಾಗ ಥಟ್ಟನೆ ನೆನಪಾಯಿತು. ಮೊದಲ ಹೆಜ್ಜೆ ಇಡುವಾಗಲೇ ಲಾಭ ಎಂದಿದ್ದೆ. ಇಷ್ಟು ವರ್ಷವೂ ಹಾಗೇ ಎಣಿಸಿ ಪ್ರತಿಸಲ ಒಂದು ಸುತ್ತು ಕಡಿಮೆ ಹಾಕಿದ್ದೇನೆ. ಈ ಶಿವ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಇನ್ನೊಂದು ಸುತ್ತು ಹಾಕಿ ಕಾಲೇಜಿನ ಗೇಟಿಗೆ ಮರಳಿದೆ.

ಒಂದು ಗಂಟೆಗೆ ಅವಳು ಹೊರಬಂದಳು. ಮುಖ ನೋಡಿದರೆ ಏನೂ ತಿಳಿಯುವ ಹಾಗಿರಲಿಲ್ಲ.

"ಇಡೀ ಕಾಲೇಜಿಗೆ ಕೇಳಿಸ್ತು ಅಮ್ಮಾ. ಇನ್ಮೇಲೆ ನನ್ನ ಹೆಸರು ಇಲ್ಲಿ ಲಾಭ ಅಂತಾನೇ."

"ಅದಿರಲಿ, ಏನಾಯ್ತು?"

ರಸ್ತೆಬದಿಯ ಮರದಡಿ ನಿಲ್ಲಿಸಿಕೊಂಡು ಹೇಳಿದಳು. ನನ್ನ ಮಾತು ಅವಳಿಗೆ ಅರ್ಥವಾಗಿರಲಿಲ್ಲವಂತೆ, ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡಳಂತೆ. ಲೆಕ್ಚರರ್ ಎದುರಿಗೇ ನಿಂತಿದ್ದರು. ಗುಂಡು ಬಿಟ್ಟು, ರೂಢಿಯಂತೆ ಒಳಗೊಳಗೇ ಲಾಭ ಎಂದು ಎಣಿಸಿದಳು. ಮೂವತ್ತೆಂಟು. ಪೆನ್ನು ಹಿಡಿದು ನಲವತ್ತು ಎಂದು ಬರೆಯಹೊರಟಾಗ ಅವರ ಕಣ್ಣು ತನ್ನ ಹಾಳೆಯ ಮೇಲೇ ಇತ್ತು. ಕಂಡದ್ದನ್ನೇ ಬರೆದಳು, ಮೂವತ್ತೆಂಟು. ಆ ಅಂಕಿಯನ್ನು ನೋಡುತ್ತಾ ಕೂತಾಗ ಗೇಟಿನ ಕೂಗು ಮತ್ತೆ ಕಿವಿಗೆ ಬಂತು. ಬಿಟ್ಟಾಗ ಸೊನ್ನೆ. ಅದನ್ನು ಹೊಡೆದುಹಾಕಿ ಮತ್ತೆ ಬಿಟ್ಟಳು, ಸೊನ್ನೆಯಿಂದ ಎಣಿಸಿದಳು. ನಲವತ್ತು ಪಾಯಿಂಟ್ ಎರಡು. ಉತ್ತರ ಒಂಬತ್ತು ಪಾಯಿಂಟ್ ಏಳು.

"ಇದ್ಯಾಕೆ ಹೊಡೆದುಹಾಕ್ದೆ ಅಂತ ಕೇಳಿದ್ರು. ನಮ್ಮನೇಲಿ ಲಾಭದಿಂದ ಎಣಿಸ್ತೀವಿ ಸರ್, ಬಿಡೋವಾಗ್ಲೇ ಲಾಭ ಅಂದ್ಬಿಟ್ಟೆ, ಒಂದು ಕಮ್ಮಿ ಆಯ್ತು ಅಂದೆ."

"ಅದಕ್ಕೆ?"

"ಹಾಳೆ ಎತ್ಕೊಂಡು ನೋಡಿದ್ರು ಅಮ್ಮಾ. ನಂಗೆ ಜೀವ ಹೋಯ್ತು. ಆಮೇಲೆ, ನಮ್ಮ ತಾತಾನೂ ರಾಗಿ ಹಾಗೇ ಅಳೀತಿದ್ರು ಅಂದ್ರು. ಹೊಡೆದಿದ್ದು ಹಾಗೇ ಇರ್ಲಿ, ರಬ್ಬರ್ ಹಾಕ್ಬೇಡ ಅಂತ ಹೇಳಿ ಸೈನ್ ಹಾಕಿದ್ರು. ಪಾಸು."

ನಾನು ಅಲ್ಲೇ ಫುಟ್‌ಪಾತಿನ ಕಲ್ಲಿನ ಮೇಲೆ ಕೂತೆ. ಅವಳೂ ಪಕ್ಕದಲ್ಲಿ ಕೂತಳು. ಆಮೇಲೆ ಅವಳೇ "ಹಸಿವು" ಎಂದಳು. ಜ್ವರ ಬಿಟ್ಟ ಮೇಲೆ ಅವಳು ತಾನಾಗಿ ಹಾಗೆಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಕ್ಕಿ ಅಳೆಯಲು ಡಬ್ಬ ತೆಗೆದೆ. ಪಾವು ಕೈಯಲ್ಲಿ ಹಿಡಿದಿದ್ದೆನಷ್ಟೆ, ಇನ್ನೂ ಬಾಯಿ ತೆರೆದಿರಲಿಲ್ಲ, ಹಲ್ಲುಜ್ಜುತ್ತಾ ಬಂದ ಮಗಳು ತಡಿ ಎಂಬಂತೆ ಬ್ರಷ್ ಎತ್ತಿದಳು. ಪಾವು ತುಂಬಿ ಪಾತ್ರೆಗೆ ಸುರಿಯುವವರೆಗೂ ಬ್ರಷ್ ಇಳಿಸಲಿಲ್ಲ.

"ಈಗ ಹೇಳು" ಎಂದಳು.

"ಲಾಭ" ಎಂದೆ.