ಕಾಲು ಮೂಡಿದ ಮಂಕರಿ

ಒಂದು ರೋಲಿಗೆ ಎಂಟೇ ಚಿತ್ರ. ನನಗೆ ಹುಚ್ಚು ಹಿಡಿಸಿದ್ದು ಅದೇ. ಒಂಬತ್ತನೆಯದು ಇಲ್ಲ ಎಂದು ಗೊತ್ತಿದ್ದರೆ ಕಣ್ಣು ಎಷ್ಟು ಚುರುಕಾಗುತ್ತದೆ! ಐವತ್ತರ ದಶಕದ ನಡುವೆ ಬಿ.ಎ. ಮುಗಿಸಿ, ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಲು ಬಂದಾಗ ನನ್ನ ಟ್ರಂಕಿನಲ್ಲಿ ನಾಲ್ಕು ಸೀರೆ, ಒಂದು ನಿಘಂಟು ಮತ್ತು ಅಣ್ಣ ಬಳಸಿ ಬೇಸತ್ತು ಕೊಟ್ಟ ಡಬ್ಬಿ ಕ್ಯಾಮರಾ ಇದ್ದವು. ಭಾನುವಾರ ಊಟವಾದದ್ದೇ ಕ್ಯಾಮರಾವನ್ನು ಚೀಲಕ್ಕೆ ಹಾಕಿಕೊಂಡು ಬೀದಿಗೆ ಇಳಿಯುತ್ತಿದ್ದೆ.

"ಈ ಊರಲ್ಲಿ ತೆಗೆಯೋಕೆ ಏನಿದೆ ರೀ? ಮೈಸೂರಿಗೆ ಹೋಗಿ ಅರಮನೆ ತೆಗೀರಿ," ಎನ್ನುತ್ತಿದ್ದರು ಶಾಲೆಯ ಹಿರಿಯ ಉಪಾಧ್ಯಾಯಿನಿ.

ಏನಿದೆ! ಸೋಡಾ ಅಂಗಡಿಯ ಹಸಿರು ಬಾಟಲಿಗಳ ಮೂಲಕ ಹಾದ ಬಿಸಿಲು ಎದುರಿನ ಸುಣ್ಣದ ಗೋಡೆಯ ಮೇಲೆ ಕೆರೆಯ ನೀರಿನಂತೆ ಅಲುಗುತ್ತಿತ್ತು. ಕಲಾಯಿ ಹಾಕುವವನು ಹಂಡೆಯೊಳಗೆ ನಿಂತು, ಕಾಲಲ್ಲಿ ಮರಳು ಉಜ್ಜುತ್ತಾ ಸೊಂಟ ತಿರುಗಿಸುವುದನ್ನು ನೋಡಿದರೆ ನಗದೆ ಇರಲಾಗುತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿ ಒಣಹಾಕಿದ ಹತ್ತು ಮೊಳದ ಸೀರೆಯ ಮೇಲೆ ಬಾತುಕೋಳಿಗಳು ಸಾಲಾಗಿ ನಡೆದುಹೋಗಿ, ಅಂಚಿಗೆ ಇನ್ನೊಂದು ಅಂಚು ಬರೆದಿದ್ದನ್ನು ಕಂಡಿದ್ದೇನೆ. ಇವೆಲ್ಲ ಯಾವ ಅರಮನೆಯಲ್ಲಿ ಸಿಗುತ್ತವೆ?

ಆ ಕ್ಯಾಮರಾವನ್ನು ಹಿಡಿಯುವ ರೀತಿಯೇ ಬೇರೆ. ಹೊಟ್ಟೆಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಮೇಲಿರುವ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಗಾಜಿನಲ್ಲಿ ನೋಡಬೇಕು. ಟೀ ಅಂಗಡಿಯವನು ಮೊದಲ ವಾರ ನಿಜವಾಗಿಯೂ ಗಾಬರಿಯಾಗಿ ಕೇಳಿದ್ದ: "ಏನ್ರವ್ವಾ, ಒಟ್ಟೆ ನೋವಾ? ಓಂಕಾಳು ಕೊಡ್ಲಾ?"

ಆ ಗಾಜಿನೊಳಗೆ ಊರು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಅಚ್ಚಾದ ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತದೆ; ಗಾಜಿನಲ್ಲಿ ಮಾತ್ರ ಈ ಚೇಷ್ಟೆ. ಮೈಸೂರಿಗೆ ಹೊರಟ ಬಸ್ಸು ಮಡಿಕೇರಿಯತ್ತ ಓಡುತ್ತದೆ, ಹೆಂಗಸರ ಸೆರಗು ಇನ್ನೊಂದು ಹೆಗಲಿಗೆ ಹಾರುತ್ತದೆ, ಅಂಗಡಿ ಬೋರ್ಡಿನ ಅಕ್ಷರಗಳು ಬೆನ್ನು ತಿರುಗಿಸಿ ಕೂರುತ್ತವೆ. ನನಗೆ ಅದರಲ್ಲೇ ಅರ್ಧ ಸಂತೋಷ. ಗೊತ್ತಿರುವ ಬೀದಿಯನ್ನೇ ಹೊಸ ಊರು ಮಾಡಿಕೊಡುವ ಗಾಜು! ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ನನಗೆ ಇದು ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಅದು ಮಾಗಿಯ ಒಂದು ಇಳಿಹೊತ್ತು. ಹೊಳೆಯ ಕಡೆಯಿಂದ ಬಡಗಲಿಗೆ, ಪೇಟೆಯತ್ತ ಏರುವ ಬೀದಿಯಲ್ಲಿ ಒಂದು ಮಂಕರಿ ನಡೆದು ಹೋಗುತ್ತಿತ್ತು. ಹೌದು, ಮಂಕರಿಯೇ. ಕೋಳಿ ಮುಚ್ಚುವ ದೊಡ್ಡ ಬಿದಿರಿನ ಮಂಕರಿಗಳು, ಒಂದರ ಮೇಲೊಂದು ಮೂರು, ಬೋರಲಾಗಿ. ಕೆಳಗೆ ಎರಡು ಕಾಲು. ತಲೆಯಿಲ್ಲ, ಮುಖವಿಲ್ಲ, ತೋಳಿಲ್ಲ. ಮಂಕರಿಗೆ ಕಾಲು ಮೂಡಿ ಸಂತೆಗೆ ಹೊರಟ ಹಾಗೆ! ಎಂಟು ಚಿತ್ರಗಳಲ್ಲಿ ಒಂದೇ ಉಳಿದಿತ್ತು. ನಾನು ಓಡಿದೆ.

"ಅವ್ವಾ, ಅವ್ವಾ, ಒಂದು ನಿಮಿಷ ನಿಂತ್ಕೊಳ್ತೀರಾ?"

ಮಂಕರಿ ನಿಂತಿತು. ಒಳಗಿನಿಂದ ಒಂದು ದನಿ ಬಂತು. "ಯಾರವ್ವ ಅದು? ಮಂಕ್ರಿ ಬೇಕಿತ್ತಾ?"

"ಮಂಕ್ರಿ ಬೇಡ, ಫೋಟೋ ಬೇಕು. ನಾನು ಶಾಲೆ ಟೀಚರು."

"ಓ, ಒಟ್ಟೆಗ್ ಡಬ್ಬ ಇಟ್ಕಂಡ್ ತಿರುಗ್ತಾರಲ್ಲ, ಆ ಟೀಚ್ರಮ್ಮನಾ? ಮುಕ ಬ್ಯಾಡ ಕಣವ್ವ. ಬಾಯಾಗ್ ಅಲ್ಲಿಲ್ಲ, ಒಂದೂ ಇಲ್ಲ."

"ಮುಖ ಬೇಡವೇ ಬೇಡ. ಹಿಂದಿನಿಂದ ತೆಗೀತೀನಿ. ಸ್ವಲ್ಪ ನಡುಬೀದಿಗೆ ಬನ್ನಿ, ಅಲ್ಲಿ ಬಿಸಿಲಿದೆ."

ಬಂದಳು. ನಡುಬೀದಿಗೆ ಅವಳನ್ನು ಕರೆದದ್ದು ನಾನು. ನಾನು ಹತ್ತು ಹೆಜ್ಜೆ ಹಿಂದೆ ಸರಿದು ಅವಳ ಬೆನ್ನಿಗೆ ನಿಂತೆ. ಅವಳು ನೋಡುತ್ತಿದ್ದ ಕಡೆಗೇ ನನ್ನ ಮುಖವೂ ಇತ್ತು. ಹಾಗಾಗಿ ಅವಳ ಎಡವೇ ನನ್ನ ಎಡ. ತಲೆ ಬಗ್ಗಿಸಿ ಗಾಜಿಗೆ ಕಣ್ಣಿಟ್ಟೆ.

ಬೀದಿಯ ಮೇಲ್ತುದಿಯಲ್ಲಿ ನಾಟಾ ಡಿಪೋ ಇತ್ತು. ಹೆಗ್ಗಡದೇವನಕೋಟೆ ಕಡೆಯ ಕಾಡಿನ ದಿಮ್ಮಿಗಳು ಗಾಡಿಯಲ್ಲಿ ಬಂದು ಇಳಿಯುತ್ತಿದ್ದದ್ದು ಅಲ್ಲಿಯೇ. ಡಿಪೋ ಮುಂದೆ ಲಾರಿಯೊಂದು ಢಬ್ ಎಂದು ಸಿಡಿದ ಸದ್ದು ಮಾಡಿತು. ಆಮೇಲೆ ಗೊರಸಿನ ಸದ್ದು. ಗಾಜಿನ ಬಲಮೂಲೆಯಲ್ಲಿ ಏನೋ ಕಾಣಿಸಿತು, ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಬೆದರಿದ ಎತ್ತುಗಳು. ಹಿಂದೆ ದಿಮ್ಮಿ ಹೇರಿದ ಗಾಡಿ. ಇಳಿಜಾರು. ಬಲಗಡೆಯಿಂದ ಬರುತ್ತಿದೆ, ಎಡ ಖಾಲಿಯಿದೆ. ಅಷ್ಟೇ ಹೊಳೆದದ್ದು.

"ಎಡಕ್ಕೆ! ಎಡಕ್ಕೆ ಹೋಗಿ!" ಎಂದು ಕೂಗಿದೆ.

ಅದೇ ಗಳಿಗೆಯಲ್ಲಿ ಗಾಡಿಯ ಹಿಂದೆ ಓಡಿಬರುತ್ತಿದ್ದ ಗಾಡಿಯವನ ದನಿಯೂ ಕೇಳಿತು. "ಮೂಡ್ಲಿಗ್ ಸರಿಯವ್ವೋ! ಮೂಡ್ಲಿಗೆ!"

ನನ್ನ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು.

ತಲೆ ಎತ್ತಿದಾಗ ಬರೀ ಧೂಳು. ಒಂದು ಮಂಕರಿ ಉರುಳುತ್ತಾ ನನ್ನ ಕಾಲಬಳಿ ಬಂದು ನಿಂತಿತು. ಇನ್ನೊಂದರ ಮೇಲೆ ಚಕ್ರ ಹಾದು ಹಪ್ಪಳವಾಗಿತ್ತು. ಗಾಡಿ ಕೆಳಗಿನ ಹುಣಸೆಮರಕ್ಕೆ ಗುದ್ದಿ ನಿಂತಿತ್ತು. ಮೂರನೆಯ ಮಂಕರಿ ಚರಂಡಿಯ ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು, ಅಲುಗಲಿಲ್ಲ. ಈಗಲೂ, ಇದನ್ನು ಬರೆಯುತ್ತಿರುವಾಗಲೂ, ಆ ಮಂಕರಿ ಅಲುಗುವವರೆಗೆ ನನಗೆ ಉಸಿರು ಬರುವುದಿಲ್ಲ.

ಅಲುಗಿತು. ಒಳಗಿನಿಂದ ಬೈಗುಳ ಮೊದಲು ಬಂತು, ಆಮೇಲೆ ಅವಳು.

"ಯಾವನ್ಲಾ ಅವ್ನು, ಎತ್ನ ಬೀದಿಗ್ ಬುಟ್ಟೋನು? ಇದೇನ್ ನಿಮ್ಮಪ್ಪನ್ ಅಟ್ಟಿನೇನ್ಲಾ?"

ಗಾಡಿಯವನು ಏದುಸಿರು ಬಿಡುತ್ತಾ ಬಂದ. ಆದರೂ ಬಾಯಿ ಸೋಲಲಿಲ್ಲ. "ನೀನ್ ಯಾಕವ್ವ ಮುಚ್ಚಾಕಿದ್ ಕೋಳಿ ಅಂಗೆ ನಡುಬೀದೀಲ್ ನಿಂತಿದ್ದೆ?"

"ಟೀಚ್ರಮ್ಮ ನಿಂತ್ಕೋ ಅಂದ್ರು, ನಿಂತ್ಕಂಡೆ! ಪೋಟ ಇಡೀತಾವ್ರೆ, ಕಣ್ ಕಾಣಕ್ಕಿಲ್ವಾ ನಿಂಗೆ?" ಎಂದವಳು ಸೇರಿದ್ದ ಜನರನ್ನೆಲ್ಲ ಒಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡಳು. "ಇವ್ರ್ ಕೂಗಿದ್ದಕ್ಕೆ ಉಳ್ಕಂಡೆ ಕಣ್ರಪ್ಪಾ."

ಐವತ್ತು ದಾಟಿದ ಹೆಂಗಸು. ಅಂಗೈ ಬಿದಿರಿನ ಸೀಳಿನಷ್ಟೇ ಒರಟು. ಹಪ್ಪಳವಾದ ಮಂಕರಿಯನ್ನೂ ಎತ್ತಿಕೊಂಡು, ಯಾರನ್ನೋ ಬೈಯುತ್ತಲೇ ಹೊರಟುಹೋದಳು.

ಅವಳು ಉಳಿದಿದ್ದಳು, ನಾನು ಕೂಗಿದ್ದೆ. ಎರಡನ್ನೂ ಕೂಡಿಸಿಕೊಂಡು ನಾನು ಮನೆಗೆ ಬಂದೆ. ಶಾಲೆಯಲ್ಲಿ ಎರಡು ವಾರ ನನ್ನದೇ ಮಾತು. ಹಿರಿಯ ಉಪಾಧ್ಯಾಯಿನಿ ತಾವಾಗಿ ನನಗೆ ಕಾಫಿ ತರಿಸಿದರು. "ಜೀವ ಉಳಿಸಿದ ಮಹರಾಯಿತಿ," ಎಂದರು. ನಾನೂ ಬೇಡವೆನ್ನಲಿಲ್ಲ.

ಆಮೇಲೆ ಮೈಸೂರಿನ ಸ್ಟುಡಿಯೋದಿಂದ ಅಂಚೆಯಲ್ಲಿ ಚಿತ್ರಗಳು ಬಂದವು. ಸೋಡಾ ಬಾಟಲಿ, ಬಾತುಕೋಳಿ, ಕಲಾಯಿಯವನ ಸೊಂಟ. ಎಂಟನೆಯದನ್ನು ಕೈಗೆತ್ತಿಕೊಂಡೆ. ನಡುವೆ ಮಂಕರಿ. ಎತ್ತುಗಳು, ಮಸುಕಾಗಿ, ಎಡಗಡೆಯಲ್ಲಿ.

ಎಡಗಡೆಯಲ್ಲಿ!

ಚಿತ್ರವನ್ನು ಮಗುಚಿದೆ, ಬೆಳಕಿಗೆ ಹಿಡಿದೆ, ಏನೂ ಬದಲಾಗಲಿಲ್ಲ. ಅಂಗಡಿಯ ಬೋರ್ಡನ್ನು ಸರಾಗವಾಗಿ ಓದಬಹುದಿತ್ತು. ಅಂದರೆ ಚಿತ್ರ ಸರಿಯಾಗಿಯೇ ಇತ್ತು. ಮಂಕರಿಯ ಕೆಳಗೆ ಬಲಗಾಲು ನೆಲದ ಮೇಲಿತ್ತು. ಎಡಗಾಲು ಒಂದು ಗೇಣು ಮೇಲೆ, ಎತ್ತುಗಳ ಕಡೆಗೆ ಎದ್ದಿತ್ತು. ನಾನು ಕೂಗಿದ್ದಕ್ಕೆ ಎದ್ದ ಕಾಲು ಅದು.

ಮರುದಿನದಿಂದ ನನ್ನ ಹೆಬ್ಬೆರಳು ಒತ್ತಲು ಒಪ್ಪಲಿಲ್ಲ. ಗಾಜಿಗೆ ಕಣ್ಣಿಟ್ಟರೆ ಸಾಕು, ಬಲಮೂಲೆಯಲ್ಲಿ ಏನೋ ದೊಡ್ಡದಾಗುತ್ತಾ ಬರುತ್ತಿತ್ತು. ಅವಳನ್ನು ಹುಡುಕಿ ಹೇಳದೆ ಇದು ಬಿಡುವುದಿಲ್ಲ ಎನ್ನಿಸಿತು. ಚಿತ್ರವನ್ನು ನಿಘಂಟಿನೊಳಗೆ ಇಟ್ಟುಕೊಂಡು, ಆ ನಿಘಂಟನ್ನೇ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹುಣಸೂರಿನ ಸಂತೆಯಲ್ಲಿ ಮೊರ ಮಾರುವವಳು, "ಅವಳಾ? ಪಿರಿಯಾಪಟ್ಟಣದ್ ಸಂತೆಗೆ ಓಗ್ತಾಳೆ," ಎಂದಳು. ಪಿರಿಯಾಪಟ್ಟಣಕ್ಕೆ ಹೋದೆ. ಬಸ್ಸಿಡೀ ಹೊಗೆಸೊಪ್ಪಿನ ಘಾಟು. ಸೀನುವ ಸರದಿ ಹಿಂದಿನ ಸೀಟಿನಿಂದ ಶುರುವಾಗಿ ಡ್ರೈವರನವರೆಗೆ ಬಂದು, ಅವನೂ ಸೀನಿ, ಬಸ್ಸು ಅಡ್ಡ ಹೊರಳಿ, ಎಲ್ಲರೂ ನಕ್ಕರು. ಸಂತೆಯ ಅಂಚಿನಲ್ಲಿ ಕ್ಷೌರಿಕ ತನ್ನ ಕನ್ನಡಿಯನ್ನು ಆಲದ ಬಿಳಲಿಗೆ ನೇತುಹಾಕಿದ್ದ. ಗಿರಾಕಿ ಎದ್ದುಹೋದ ಮೇಲೆ ಒಂದು ಹೋರಿ ಬಂದು ಅದರಲ್ಲಿ ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ ನೋಡಿಕೊಂಡಿತು. ಅಯ್ಯೋ, ಎಂಥ ಚಿತ್ರ! ಕೈ ಚೀಲದೊಳಗೆ ಹೋಯಿತು, ಬರಿದೇ ಹೊರಬಂತು. ಅವಳು ಅಲ್ಲಿರಲಿಲ್ಲ.

ಮುಂದಿನ ವಾರ ಕೃಷ್ಣರಾಜನಗರ. ಪುಸ್ತಕದ ಗೆರೆಯ ಹಾಗೆ ನೆಟ್ಟಗೆ ಎಳೆದ ಬೀದಿಗಳ ಊರು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯಲ್ಲಿ ಒಗೆದು ಹಾಕಿದ ಪಂಚೆ ಯಾವ ಬಣ್ಣದ್ದೆಂದು ತಿಳಿಯುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಇಂಜಿನ್ ನೀರು ಕುಡಿಯಲು ನಿಂತಿತ್ತು. ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು ಅದೇ ಸಲಿಕೆಯನ್ನು ತೊಳೆದು, ಅದರ ಮೇಲೆ ಅವರೆಕಾಯಿ ಹಾಕಿ, ಒಲೆಯ ಬಾಯಿಗೆ ಹಿಡಿದು ಸುಡುತ್ತಿದ್ದ! ನನ್ನನ್ನು ನೋಡಿ, "ತಗಳಿ ಮೇಡಂ, ಸರ್ಕಾರಿ ಒಲೆ ಅವರೆಕಾಯಿ," ಎಂದು ಒಂದು ಹಿಡಿ ಕೊಟ್ಟ. ಬಾಯಿ ಸುಟ್ಟುಕೊಂಡು ತಿಂದೆ. ಕುಣಿಯುವಷ್ಟು ಸಂತೋಷ, ಆದರೆ ಕ್ಯಾಮರಾ ಮಾತ್ರ ಚೀಲದಲ್ಲೇ. ಅಲ್ಲಿನ ಬುಟ್ಟಿಯಂಗಡಿಯವರು ಹೇಳಿದರು: ಬಿದಿರು ತರೋಕೆ ಅವಳು ಕೋಟೆಗೆ ಹೋಗಿದ್ದಾಳೆ.

ಹೆಗ್ಗಡದೇವನಕೋಟೆಯಲ್ಲಿ, ಬಸ್ಸು ನಿಲ್ಲುವಲ್ಲಿಂದ ಕಲ್ಲೆಸೆತದ ದೂರದಲ್ಲಿ ಅವಳು ಕೂತಿದ್ದಳು. ಮಚ್ಚಿನಿಂದ ಹಸಿ ಬಿದಿರು ಸೀಳುತ್ತಿದ್ದಳು. ಚಿತ್ರ ಕೊಟ್ಟೆ. ತಲೆಕೆಳಗಾಗಿ ಹಿಡಿದಳು, ನಾನು ತಿರುಗಿಸಿದೆ.

"ಅಯ್! ಇದ್ ನನ್ ಕಾಲೇ ಕಣವ್ವ! ಇಮ್ಡಿ ನೋಡಿ, ಎಂಗ್ ಒಡ್ದದೆ!"

ಎಳೆಯ ಮಕ್ಕಳಂತೆ ನಕ್ಕಳು. ಅವಳ ನಗು ನಿಲ್ಲುವ ಮೊದಲೇ ಹೇಳಿಬಿಟ್ಟೆ. ಗಾಜಿನಲ್ಲಿ ಎಡಬಲ ಅದಲುಬದಲಾಗುವುದು, ನನಗೆ ಅದು ಗೊತ್ತಿದ್ದದ್ದು, ಆದರೂ ನಾನು ಗಾಡಿಯ ಕಡೆಗೇ ಕಳಿಸಿದ್ದು. "ನಾನು ಕೂಗಿದ್ದಕ್ಕೆ ನೀವು ಉಳಿಯಲಿಲ್ಲ. ನನ್ನ ಮಾತು ಕೇಳಿದ್ದರೆ ಸಾಯುತ್ತಿದ್ದಿರಿ."

ಮಚ್ಚು ನಿಂತಿತು. ಚಿತ್ರದಲ್ಲಿ ಎದ್ದಿದ್ದ ಕಾಲಿನ ಮೇಲೆ ಬೆರಳಿಟ್ಟಳು.

"ಗೊತ್ತು ಕಣವ್ವ," ಎಂದಳು. "ನೀವ್ ಏಳ್ದಂಗೆ ಎತ್ತಿದೆ. ಆ ಗಾಡಿಯವ್ನ್ ಏಳ್ದಂಗೆ ಇಟ್ಟೆ."

ನಾನು ಕೇಳಿದೆ. "ಗೊತ್ತಿದ್ದರೂ ಎಲ್ಲರ ಮುಂದೆ ಯಾಕೆ ಹಾಗೆ ಹೇಳಿದಿರಿ?"

"ಅಷ್ಟ್ ಜನ ಸೇರವ್ರೆ, ಅದ್ರಾಗೆ ಟೀಚ್ರಮ್ಮನ್ನ ಏನಂತ ಅನ್ನದು? ನಿಮ್ ಮುಕ ಆಗ್ಲೇ ಸುಣ್ಣ ಆಗೋಗಿತ್ತು. ಒಂದ್ ಮಂಕ್ರಿ ಓಗಿದ್ದು ಸಾಕು ಅನ್ಕಂಡೆ."

"ಮಂಕರಿಯೊಳಗೆ ನಿಂತು ಮೂಡಲು ಯಾವುದೆಂದು ಹೇಗೆ ತಿಳಿಯಿತು?"

ಅವಳು ನನ್ನನ್ನು ನೋಡಿದ ನೋಟ, ಒಂದನೇ ತರಗತಿಯಲ್ಲಿ ಅಕ್ಷರ ಗೊತ್ತಿಲ್ಲದ ಮಗುವನ್ನು ನಾನು ನೋಡುವ ಹಾಗಿತ್ತು. "ಕಾಲ್ ಬುಡ ಕಾಣ್ತದಲ್ಲವ್ವ. ನೆಳ್ಳು ಬಿದ್ದಿರ್ತದಲ್ಲ. ಅಗ್ಲು ಇಳಿವತ್ನಲ್ಲಿ ನೆಳ್ಳು ಎತ್ಲಾಗ್ ಬೀಳ್ತದೆ? ಮೂಡ್ಲಿಗೆ. ನೆಳ್ಳಿನ್ ಮ್ಯಾಲ್ ಬಿದ್ದೆ, ಅಷ್ಟೇಯ. ಎಡ ಅಂದ್ರೆ ನಾವ್ ಒಂದೊಂದ್ ಕಿತ ತಿರುಗ್ದಾಗ್ಲೂ ಅದೂ ತಿರುಗ್ತದೆ. ಮೂಡ್ಲು ಎಲ್ಗೂ ಓಗಕ್ಕಿಲ್ಲ."

ಚಿತ್ರವನ್ನು ಕಿತ್ತುಕೊಂಡಂತೆ ಇಸಿದುಕೊಂಡು ನೋಡಿದೆ. ಇತ್ತು! ಮಂಕರಿಯ ನೆರಳು ಬಲಗಡೆಗೆ, ಅಚ್ಚಗಪ್ಪಾಗಿ, ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಬೆಳಕು ಹುಡುಕಿಕೊಂಡು ಊರೂರು ಅಲೆದ ನಾನು, ಎಷ್ಟೋ ಸಲ ಆ ಚಿತ್ರ ನೋಡಿ ಅತ್ತ ನಾನು, ಆ ನೆರಳನ್ನು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಗಬೇಕಿತ್ತು. ಅದರ ಬದಲು ಮೈಯೆಲ್ಲ ಜುಮ್ಮೆಂದಿತು. ತಿರುಗಿ ನೋಡಿದರೆ ಆ ಬೀದಿಯ ತುಂಬ ನೆರಳು. ಬಿದಿರಿನದು, ಬಸ್ಸಿನದು, ಅವಳ ಮಚ್ಚಿನದು. ಎಲ್ಲವೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದವು.

"ಇನ್ನೊಂದು ತೆಗೀಲಾ?" ಎಂದೆ.

"ತೆಗೀರಿ. ಇವತ್ತು ಮುಕ ತೆಗೀರಿ. ಅಲ್ ಇಲ್ದಿದ್ರೆ ಇಲ್ಲ." ಸೆರಗು ಸರಿಮಾಡಿಕೊಂಡು ಕೂತಳು. ನಾನು ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡೆ. ಅವಳು ಕೈ ಎತ್ತಿ ತಡೆದಳು. "ಮೊದ್ಲು ತಲೆ ಎತ್ತಿ ನೋಡ್ಕಳವ್ವ. ಏನಾರ ಬತ್ತಾ ಇದ್ದದಾ?"

ತಲೆ ಎತ್ತಿ, ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದೆ.

"ಪಡುವಲಿಂದ ಒಂದು ಮೇಕೆ ಬರ್ತಾ ಇದೆ," ಎಂದೆ.

"ಬರ್ಲಿ ಬುಡಿ, ಅದೂ ಇರ್ಲಿ."

ಒತ್ತಿದೆ.