ಮಂಗಳನ ಬಾವಿಗೆ ಇಳಿದ ಕಾಲು

ಭಟ್ಟಿಯಲ್ಲಿಟ್ಟು ಕಾಸುವ ಆ ಮಾತನ್ನು ನಮ್ಮೂರ ಬಸಣ್ಣ ಕಾಕಾ ನಿಜವಾಗಿ ಆಡಿದ್ದರೋ, ಮುಂದೆಂದೋ ಓದಿದ್ದನ್ನು ನಾನೇ ಅವರ ಬಾಯಿಗೆ ಸೇರಿಸಿದ್ದೇನೋ, ಈಗ ಆಣೆ ಮಾಡಿ ಹೇಳಲಾರೆ. ಸಂಶಯವಿಲ್ಲದೆ ಕಾಣುವುದು ಅವರ ಹೆಗಲ ಮೇಲಿನ ಅರಿವೆ ಮಾತ್ರ. ಎರಡು ಪದರ ಮಾಡಿ ಹೊಲಿದದ್ದು, ಸದಾ ಹಸಿ. ಯಾರು ನೀರು ಕೊಟ್ಟರೂ ಅದನ್ನು ತಂಬಿಗೆಯ ಬಾಯಿಗೆ ಹಿಡಿದು ಸೋಸಿಯೇ ಕುಡಿಯುತ್ತಿದ್ದರು. ಬೀಗರ ಮನೆಯಲ್ಲೂ ಹಾಗೆ ಮಾಡಿದಾಗ, "ನಮ್ಮ ನೀರು ಹೊಲಸ ಅಂತೀರೇನ್ರಿ?" ಎಂದು ಬೀಗರು ಸಿಟ್ಟಾದರಂತೆ. "ಹೊಲಸಲ್ರಿ. ಅದರಾಗ ಜೀವ ಅದ" ಎಂದಿದ್ದರಂತೆ ಕಾಕಾ.

ಅಫಜಲಪುರ ತಾಲ್ಲೂಕಿನ ನಮ್ಮೂರಿಗೆ ಅತನೂರಿನಲ್ಲಿ ಬಸ್ಸಿಳಿದು ನಡೆಯಬೇಕಿತ್ತು. ನಮ್ಮೂರಲ್ಲಿ ಕಾಕಾ ದರ್ಜಿ. ಅಂಗಿ ಹೊಲಿಸಿದವರಿಗೆಲ್ಲ ಒಂದು ಸೋಸುವ ಅರಿವೆ ಪುಕ್ಕಟೆ. ಅದರಿಂದ ಮೂಗು ಒರೆಸಿಕೊಂಡವರೇ ಹೆಚ್ಚು. ಊರಿಗೆ ಇದ್ದದ್ದು ಒಂದೇ ಪಾವಟಿಗೆ ಬಾವಿ. ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬಬೇಕು. ನಾರುಹುಣ್ಣು ಆದವರ ಕಾಲಿನ ಗುಳ್ಳೆ ನೀರು ತಾಕಿದೊಡನೆ ಒಡೆದು, ಹುಳ ತನ್ನ ಮರಿಗಳನ್ನು ಬಾವಿಗೆ ಬಿಡುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ವರ್ಷದ ಹೊತ್ತಿಗೆ ನೂಲಿನಂಥ ಉದ್ದನೆಯ ಹುಳ ಹೊರಬರುತ್ತಿತ್ತು.

ಎಪ್ಪತ್ತಾರರಲ್ಲಿ ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಅಮೆರಿಕದವರ ಯಂತ್ರ ಮಂಗಳ ಗ್ರಹದ ಮೇಲೆ ಇಳಿದ ದಿನಗಳು. ಊರಿಗೆ ಬಂದವನು ನಡೆದ ದಣಿವಿಗೆ ಬಾವಿಗಿಳಿದು, ಬೊಗಸೆಯಲ್ಲಿ ನೀರು ಕುಡಿದು, ನೇರ ಕಾಕಾನ ಅಂಗಡಿಗೆ ಹೋದೆ.

"ಕಾಕಾ, ಮಂಗಳದಾಗ ಹಿಂದಕ ನದಿ ಹರದಿರಬೇಕಂತ್ರಿ. ನೀರಿತ್ತಂದರ ಜೀವಾನೂ ಇರಬಹುದು. ಯಂತ್ರ ಮಣ್ಣು ಕೆದರಿ ನೋಡಾಕತ್ತದ."

ಹೊಲಿಗೆ ಮಷೀನಿನ ಗಾಲಿ ನಿಂತಿತು. "ಅದಕ್ಕ ಕಾಲು ಅವೇನು?"

"ಮೂರು ಅವರಿ."

"ಹೋಗೂ ಮುಂದ ತೊಳದಾರೇನು?"

ನಾನು ನಕ್ಕೆ. ಅವರು ನಗಲಿಲ್ಲ.

"ನಗಬ್ಯಾಡಲೇ ತಮ್ಮಾ. ನೀರದ, ಜೀವದ ಅಂತ ಹಿಗ್ಗಾಕತ್ತೀರಿ. ನಮ್ಮ ಹುಳ ಅವರ ನೀರಿಗಿ ಬಿದ್ದರ ಹ್ಯಾಂಗ ಅಂತ ಯಾರರೆ ಕೇಳೀರೇನು?" ಹೈದರಾಬಾದಿನ ಉರ್ದು ಸುದ್ದಿ ಕೇಳಲು ಇಟ್ಟುಕೊಂಡಿದ್ದ ರೇಡಿಯೋದ ಕಡೆ ಕೈಮಾಡಿದರು. "ಹುಳ ಸಾಯಲಿ ಅಂತ ಆ ಯಂತ್ರ ಭಟ್ಟಿಯೊಳಗಿಟ್ಟು ಕಾಸಿ ಕಳಿಸ್ಯಾರಂತ. ಖರೇನೋ ಸುಳ್ಳೋ? ಓದಿದಾಂವ ನೀ ಹೇಳು."

"ಸುಳ್ಳು. ಒಳಗಿನ ತಂತಿ, ಬ್ಯಾಟರಿ ಸುಟ್ಟು ಹೋಗ್ತಾವ್ರಿ" ಎಂದೆ. ನನಗೇನೂ ಗೊತ್ತಿರಲಿಲ್ಲ.

ಆಗಲೇ ಅವರು ನನ್ನ ತೋಯ್ದ ತೋಳನ್ನು ನೋಡಿದ್ದು. "ಬಾವ್ಯಾಗ ಕುಡದು ಬಂದಿ. ಸೋಸಲಾರ್ದ."

ನಾನು ತೋಳನ್ನು ಬೆನ್ನ ಹಿಂದೆ ಸರಿಸಿದೆ.

"ಇನ್ನ ಒಂದು ವರ್ಷ ಕಾಲು ನೋಡ್ಕೋತ ಇರು."

ತಿಂಗಳಿಗೊಮ್ಮೆ ಧಾರವಾಡಕ್ಕೆ ಅವರ ಕಾರ್ಡು ಬರುತ್ತಿತ್ತು. ಕಾಲು ಹೇಗಿದೆ? ಗುಳ್ಳೆ ಎದ್ದರೆ ನೀರಿಗೆ ಇಳಿಯಬೇಡ. ಇಷ್ಟೇ. ಮಂಗಳದ ಮಣ್ಣಿನಲ್ಲಿ ಜೀವದ ಕುರುಹು ಇದೆ ಎಂದು ಕೆಲವರು, ಇಲ್ಲವೆಂದು ಹಲವರು ವಾದಿಸುತ್ತಿದ್ದರು. ಅದನ್ನೆಲ್ಲ ಓದುತ್ತ ನಾನು ಕಣಕಾಲು ಸವರಿಕೊಳ್ಳುತ್ತಿದ್ದೆ. ಸೊಳ್ಳೆ ಕಚ್ಚಿದರೂ ಗುಳ್ಳೆಯೇನೋ ಎಂದು ದೀಪಕ್ಕೆ ಹಿಡಿದು ನೋಡುತ್ತಿದ್ದೆ. ಅಲ್ಲಿ ಜೀವ ಇರಲಿ ಎಂದು ಬಯಸುವವನು, ಇಲ್ಲಿ ಇರದಿರಲಿ ಎಂದು ಬಯಸುತ್ತಿದ್ದೆ.

ಮರುವರ್ಷದ ಬೇಸಿಗೆ ರಜೆಯಲ್ಲಿ, ಊರಲ್ಲಿದ್ದಾಗಲೇ, ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಕೆಂಡ ಇಟ್ಟಂಥ ಉರಿ. ಎರಡನೆಯ ದಿನ ಮಧ್ಯಾಹ್ನ ತಡೆಯಲಾರದೆ ಬಾವಿಗೆ ಕುಂಟುತ್ತ ಹೋದೆ. ಮೊದಲ ಮೆಟ್ಟಿಲ ಮೇಲೆ ಕಾಕಾ ಅಡ್ಡ ಕುಳಿತಿದ್ದರು. ನನ್ನನ್ನೇ ಕಾಯುತ್ತಿದ್ದರೋ, ದಿನವೂ ಹಾಗೆ ಕೂರುತ್ತಿದ್ದರೋ, ತಿಳಿಯದು.

"ಒಂದೇ ಸರ್ತಿ ಕಾಲು ಅದ್ದತೇನಿ ಕಾಕಾ. ಉರಿ ತಾಳಾಕ ಆಗವಲ್ದು."

"ನಾನೂ ಒಂದೇ ಸರ್ತಿ ಅದ್ದಿದ್ದೆ. ನಿನ್ನಷ್ಟೇ ವಯಸ್ಸು. ಮರುವರ್ಷ ನಮ್ಮ ತಂಗಿಗಿ ಮೊಣಕಾಲಾಗ ಎದ್ದಿತು. ಆ ಕಾಲು ಮತ್ತ ಮಡಚಲೇ ಇಲ್ಲ." ಹೆಗಲ ಅರಿವೆಯನ್ನು ತೆಗೆದು ಮತ್ತೆ ಹಾಕಿಕೊಂಡರು. "ಆಕಿಗಿ ಬಂದದ್ದು ನನ್ನ ಹುಳಾನೋ, ಬ್ಯಾರೇರದೋ? ಹುಳದ ಮ್ಯಾಲ ಹೆಸರು ಬರದಿರತದೇನು?"

ನಾನು ಅಲ್ಲೇ ಕುಳಿತೆ. ಅವರು ಬಕೆಟ್ಟಿನಲ್ಲಿ ನೀರು ತಂದು, ಬಾವಿಯಿಂದ ದೂರ, ಒಣ ಮರಳಿನ ಮೇಲೆ ನನ್ನ ಕಾಲು ಇರಿಸಿ ಹೊಯ್ದರು. ಗುಳ್ಳೆ ಒಡೆದು ಹುಳದ ತುದಿ ಕಂಡಿತು. ಅದನ್ನು ಬೇವಿನ ಕಡ್ಡಿಗೆ ಸುತ್ತಿದರು. "ಜಗ್ಗಬ್ಯಾಡ. ಹರದರ ಕಾಲಾಗ ಕೀವಾಗತದ." ದಿನಕ್ಕೆ ಬೆರಳಗಲದಂತೆ ಸುತ್ತುತ್ತ, ಅದು ಪೂರ್ತಿ ಬರಲು ರಜೆಯೇ ಮುಗಿಯಿತು. ಅಂಗಡಿ ಬಿಟ್ಟು ದಿನವೂ ಬರುತ್ತಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಊರಿಗೆ ಕೈಪಂಪು ಬಂದ ಮೇಲೆ. ಯಾರೂ ಇಳಿಯದಂತೆ ಬಾವಿಯ ಮೆಟ್ಟಿಲುಗಳಿಗೆ ಅಡ್ಡ ಗೋಡೆ ಕಟ್ಟಿದ್ದರು. ಕಾಕಾ ಪಂಪಿನ ನೀರನ್ನೂ ಸೋಸುತ್ತಿದ್ದರು.

"ಇದರಾಗ ಏನೂ ಇರೂದಿಲ್ಲ ಕಾಕಾ."

"ಇರಲಿಕ್ಕಿಲ್ಲ. ಆ ಭಟ್ಟಿ ಮಾತು ನೋಡಿದ್ಯೇನು?"

"ನೋಡತೇನ್ರಿ" ಎಂದೆ. ನೋಡಲಿಲ್ಲ. ಮುಂದಿನ ಸಲ ಹೋದಾಗ ಅಂಗಡಿಯ ಬಾಗಿಲು ಹಾಕಿತ್ತು. ಕಾಕಾ ತೀರಿಕೊಂಡು ತಿಂಗಳಾಗಿತ್ತು.

ತೊಂಬತ್ತರ ದಶಕದಲ್ಲಿ, ಮಂಗಳದ ಕಲ್ಲೊಂದರಲ್ಲಿ ಜೀವದ ಕುರುಹು ಸಿಕ್ಕಿತೆಂಬ ಸುದ್ದಿ ಎದ್ದಾಗ, ಗ್ರಂಥಾಲಯಕ್ಕೆ ಹೋಗಿ ಕೊನೆಗೂ ಹುಡುಕಿದೆ. ಕಾಕಾ ಏನು ಹೇಳಿದ್ದರೆಂಬುದಕ್ಕೆ ಸಾಕ್ಷಿ ನಾನೊಬ್ಬನೇ, ನನ್ನನ್ನು ನಂಬುವುದು ಕಷ್ಟ. ಆದರೆ ಎಪ್ಪತ್ತಾರರಲ್ಲಿ ಮಂಗಳಕ್ಕೆ ಇಳಿದ ಆ ಯಂತ್ರವನ್ನು ಕಳಿಸುವ ಮುನ್ನ, ತಂತಿ ಬ್ಯಾಟರಿ ಸಮೇತ ಭಟ್ಟಿಯಲ್ಲಿಟ್ಟು, ನೀರು ಕುದಿಯುವುದಕ್ಕಿಂತ ಹೆಚ್ಚಿನ ಕಾವಿನಲ್ಲಿ ಒಂದು ದಿನಕ್ಕೂ ಮೀರಿ ಕಾಯಿಸಿದ್ದರು.